ರೂಪಕುಂಡ: ಹಿಮ ಕರಗಿದಾಗ ಏಳುವ ಪ್ರಶ್ನೆಗಳು

ಹಿಮಾಲಯಕ್ಕೆ ಬೇಸಿಗೆ ತಡವಾಗಿ ಬರುತ್ತದೆ. ಮೇ ತಿಂಗಳಲ್ಲಿ ನಾವಿಲ್ಲಿ ಮಾವಿನಹಣ್ಣು ತಿನ್ನುತ್ತ ಮುಂಗಾರಿನ ದಾರಿ ಕಾಯುತ್ತಿದ್ದರೆ, ಉತ್ತರಾಖಂಡದ ಚಮೋಲಿ ಜಿಲ್ಲೆಯ ಬುಗ್ಯಾಲ್‌ಗಳಲ್ಲಿ ಆಗಷ್ಟೇ ಹಿಮ ಕರಗಿ ಹುಲ್ಲು ತಲೆಯೆತ್ತುತ್ತಿರುತ್ತದೆ. ಮರಗಳು ಬೆಳೆಯಲಾರದಷ್ಟು ಎತ್ತರದ ಹುಲ್ಲುಗಾವಲಿಗೆ ಅಲ್ಲಿಯವರ ಹೆಸರು ಬುಗ್ಯಾಲ್. ಅದಕ್ಕೂ ಮೇಲೆ, ತ್ರಿಶೂಲ ಪರ್ವತದ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ 5,000 ಮೀಟರಿಗೂ ಹೆಚ್ಚು ಎತ್ತರದಲ್ಲಿ ಒಂದು ಪುಟ್ಟ ಸರೋವರವಿದೆ. ಅದರ ಅಡ್ಡಗಲ ಸುಮಾರು 40 ಮೀಟರ್, ಅಷ್ಟೆ. ನಮ್ಮ ದೊಡ್ಡ ದೇವಸ್ಥಾನಗಳ ಕಲ್ಯಾಣಿಗಳನ್ನು ನೋಡಿದವರಿಗೆ ಇದು ಸರೋವರವೆಂದೇ ಅನಿಸಲಿಕ್ಕಿಲ್ಲ. ಆದರೆ ಇದರ ದಡದಲ್ಲೂ ನೀರಿನಲ್ಲೂ ನೂರಾರು ಮನುಷ್ಯರ ಅಸ್ಥಿಗಳು ಚೆಲ್ಲಿಕೊಂಡಿವೆ. ಇದೇ ರೂಪಕುಂಡ.

ಬೇಸಿಗೆಯ ಆರಂಭದಲ್ಲಿ ಇಲ್ಲಿಗೆ ಬಂದವರಿಗೆ ಮಾತ್ರ ಮೂಳೆಗಳು ಕಾಣುವುದು ಕಡಿಮೆ. ಆಗ ಇದು ಬಿಳಿಯ ಬೋಗುಣಿ. ಲೋಹಾಜಂಗ್ ಕಡೆಯಿಂದ ಹೊರಟು, ಬೇದನಿ ಬುಗ್ಯಾಲ್ ದಾಟಿ, ಪಾತರ್ ನಚೌನಿ, ಭಗುವಾಬಾಸಾ ಎಂಬ ತಾಣಗಳನ್ನು ಹಾದು ಏರುವ ದಾರಿಯ ಕೊನೆಯ ಭಾಗ ಜೂನ್‌ನಲ್ಲೂ ಹಿಮದಡಿ ಇರುವುದುಂಟು. ಬಿಸಿಲು ಬಲಿತು, ಮಳೆಗಾಲ ಕಳೆಯುತ್ತ ಬಂದಂತೆ ಹಿಮ ಸರಿಯುತ್ತದೆ. ಬುರುಡೆಗಳು ಒಂದೊಂದಾಗಿ ಹೊರಬರುತ್ತವೆ.

ಹೊರಜಗತ್ತಿಗೆ ಈ ಸಂಗತಿ ತಿಳಿದದ್ದು 1942ರಲ್ಲಿ. ಎಚ್.ಕೆ. ಮಧ್ವಾಲ್ ಎಂಬ ಅರಣ್ಯಾಧಿಕಾರಿ ಗಸ್ತಿನಲ್ಲಿದ್ದಾಗ ಇದನ್ನು ಕಂಡರು. ಎರಡನೆಯ ಮಹಾಯುದ್ಧದ ಕಾಲ ಅದು. ಕದ್ದು ನುಸುಳಿ ಬಂದ ಜಪಾನಿ ಸೈನಿಕರ ಹೆಣಗಳಿರಬಹುದೆಂಬ ಗುಮಾನಿ ಎದ್ದದ್ದರಲ್ಲಿ ಆಶ್ಚರ್ಯವಿಲ್ಲ. ಮೂಳೆಗಳು ಬಹಳ ಹಳೆಯವೆಂದು ಗೊತ್ತಾದಾಗ ಆ ಗುಮಾನಿ ಬಿದ್ದುಹೋಯಿತು. 1841ರಲ್ಲಿ ಟಿಬೆಟ್ ಮೇಲೆ ದಂಡೆತ್ತಿ ಹೋಗಿ ಅಲ್ಲೇ ಮಡಿದ ಜೋರಾವರ್ ಸಿಂಗನ ಸೈನ್ಯದ ಪಳೆಯುಳಿಕೆ ಇವು ಎಂದವರಿದ್ದಾರೆ. ಆದರೆ ಮೃತರಲ್ಲಿ ಹೆಂಗಸರೂ ಇದ್ದರೆಂದ ಮೇಲೆ ದಂಡಿನ ಮಾತು ನಿಲ್ಲುವುದು ಕಷ್ಟ. ಸಾಂಕ್ರಾಮಿಕ ರೋಗ ಎಂಬ ವಾದವೂ ಇತ್ತು. ಟಿಬೆಟ್ಟಿಗೆ ಹೋಗುವ ವರ್ತಕರೆಂಬ ಊಹೆಗೆ ಒಂದೇ ತೊಡಕು: ಇದು ಯಾವ ಮುಖ್ಯ ವ್ಯಾಪಾರ ಮಾರ್ಗದ ಮೇಲೂ ಇಲ್ಲ.

ಸುತ್ತಲಿನ ಹಳ್ಳಿಗರಿಗೆ ಇಂಥ ಗೊಂದಲವಿರಲಿಲ್ಲ. ಅವರ ಬಳಿ ಕಥೆಯಿತ್ತು. ಆ ಸೀಮೆಯ ದೇವತೆ ನಂದಾದೇವಿ, ಅಂದರೆ ಪಾರ್ವತಿ. ಅಲ್ಲಿಯವರಿಗೆ ಅವಳು ಊರ ಮಗಳು, ಕೈಲಾಸ ಗಂಡನ ಮನೆ. ತವರಿನಿಂದ ಅವಳನ್ನು ಕಳಿಸಿಕೊಡುವ ಯಾತ್ರೆಯೇ ನಂದಾದೇವಿ ರಾಜ್ ಜಾತ್. ಹನ್ನೆರಡು ವರ್ಷಕ್ಕೊಮ್ಮೆ ಎಂಬುದು ಲೆಕ್ಕವಾದರೂ ಅದು ತಪ್ಪುವುದುಂಟು. 2000ದಲ್ಲಿ ನಡೆದದ್ದು ಮತ್ತೆ ನಡೆದದ್ದು 2014ರಲ್ಲಿ. ನಾಲ್ಕು ಕೊಂಬಿನ ಟಗರನ್ನು ಮುಂದಿಟ್ಟುಕೊಂಡು ನೌಟಿ ಗ್ರಾಮದಿಂದ ಹೊರಡುವ ಜನ, ರೂಪಕುಂಡದ ಪಕ್ಕದಲ್ಲೇ ಹಾದು, ಕಣಿವೆದಾರಿ ಏರಿ, ಹೋಮಕುಂಡದಲ್ಲಿ ಆ ಟಗರನ್ನು ಬಿಟ್ಟು ಹಿಂದಿರುಗುತ್ತಾರೆ. ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವ ಸಂಕಟ ನಮ್ಮ ಹಾಡುಗಳಲ್ಲೂ ತುಂಬಿದೆಯಲ್ಲವೇ? ಅಲ್ಲಿ ಅದು ನೂರಾರು ಕಿಲೋಮೀಟರಿನ ನಡಿಗೆಯೇ ಆಗಿದೆ.

ಕನೌಜಿನ ರಾಜ ಜಸಧವಳ ಹಿಂದೊಮ್ಮೆ ಈ ಯಾತ್ರೆಗೆ ಬಂದನಂತೆ. ಜೊತೆಗೆ ತುಂಬುಗರ್ಭಿಣಿ ರಾಣಿ, ಪರಿವಾರ, ಸಾಲದ್ದಕ್ಕೆ ನರ್ತಕಿಯರ ಮೇಳ. ಪವಿತ್ರ ಭೂಮಿಯಲ್ಲಿ ಕುಣಿತ ಮೋಜು ನಡೆದದ್ದನ್ನು ಕಂಡು ದೇವಿ ಮುನಿದಳು. ನರ್ತಕಿಯರು ಅಳಿದ ಜಾಗವೇ ಪಾತರ್ ನಚೌನಿ ಎನ್ನುತ್ತಾರೆ. ರಾಜನ ಪರಿವಾರದ ಮೇಲೆ ರೂಪಕುಂಡದ ಬಳಿ ಕಬ್ಬಿಣದಂಥ ಆಲಿಕಲ್ಲಿನ ಮಳೆ ಸುರಿಯಿತು. ಒಬ್ಬರೂ ಉಳಿಯಲಿಲ್ಲ.

ವಿದ್ಯಾವಂತರು ಇದನ್ನು ಬಹುಕಾಲ ಬರೀ ಕಟ್ಟುಕಥೆ ಎಂದೇ ತಳ್ಳಿಹಾಕಿದ್ದರು. 2004ರಲ್ಲಿ ನ್ಯಾಷನಲ್ ಜಿಯೊಗ್ರಾಫಿಕ್ ವಾಹಿನಿಗಾಗಿ ವಿಜ್ಞಾನಿಗಳ ತಂಡವೊಂದು ಅಲ್ಲಿಗೆ ಹೋಯಿತು. ಕೆಲವು ಬುರುಡೆಗಳ ನೆತ್ತಿಯ ಮೇಲೆ ಗುಂಡನೆಯ ವಸ್ತು ಬಡಿದಂಥ, ಮಾಯದೇ ಉಳಿದ ಬಿರುಕುಗಳು ಕಂಡವು. ಏಟು ಬಿದ್ದದ್ದು ಮೇಲಿನಿಂದ. ಕಾಲಮಾಪನ ಕ್ರಿ.ಶ. 850ರ ಆಸುಪಾಸನ್ನು ತೋರಿಸಿತು. ಹಾಗಾದರೆ ಕ್ರಿಕೆಟ್ ಚೆಂಡಿನಂಥ ಆಲಿಕಲ್ಲೇ ಇರಬೇಕು! ಮರವಿಲ್ಲ, ಬಂಡೆಯ ಮರೆಯಿಲ್ಲ, ಓಡಲು ದಾರಿಯಿಲ್ಲ. ನಮ್ಮ ಮಕ್ಕಳು ಬೊಗಸೆಯೊಡ್ಡಿ ಆಯ್ದು ಬಾಯಿಗೆ ಹಾಕಿಕೊಳ್ಳುವ ಆಲಿಕಲ್ಲು ಅಲ್ಲಿ ಜೀವ ತೆಗೆದಿತ್ತು. ಜನಪದವೇ ಗೆದ್ದಿತೆಂದು ಪತ್ರಿಕೆಗಳು ಬರೆದವು. ಪ್ರಕರಣ ಮುಗಿದಂತಿತ್ತು.

ಮುಗಿದಿರಲಿಲ್ಲ. ಹೈದರಾಬಾದಿನ ಸಿ.ಸಿ.ಎಂ.ಬಿ., ಲಖನೌದ ಬೀರಬಲ್ ಸಾಹನಿ ಸಂಸ್ಥೆ, ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ಮೊದಲಾದೆಡೆಯ ವಿಜ್ಞಾನಿಗಳು 38 ಜನರ ಮೂಳೆಗಳಿಂದ ಡಿ.ಎನ್.ಎ. ತೆಗೆದು ಪರೀಕ್ಷಿಸಿ, 2019ರಲ್ಲಿ ವರದಿ ಪ್ರಕಟಿಸಿದರು. 38ರಲ್ಲಿ 23 ಮಂದಿ ದಕ್ಷಿಣ ಏಷ್ಯಾದ, ಅಂದರೆ ನಮ್ಮ ಉಪಖಂಡದ ಮೂಲದವರು. ಅವರೂ ಒಂದೇ ಜನಸಮೂಹದವರಲ್ಲ. ಅವರು ಸತ್ತದ್ದು ಕ್ರಿ.ಶ. 800ರ ಸುಮಾರಿಗೆ, ಆದರೆ ಎಲ್ಲರೂ ಒಂದೇ ದಿನ ಅಲ್ಲ. ಇನ್ನು 14 ಮಂದಿಯ ವಂಶವಾಹಿ ಹೆಚ್ಚು ಹೋಲುವುದು ಇಂದಿನ ಗ್ರೀಸ್, ಕ್ರೀಟ್ ದ್ವೀಪದ ಜನರನ್ನು. ಅವರು ಸತ್ತದ್ದು ಇನ್ನೂ ಸಾವಿರ ವರ್ಷ ತಡವಾಗಿ, ಕ್ರಿ.ಶ. 1800ರ ಆಸುಪಾಸು! ಉಳಿದ ಒಬ್ಬ ವ್ಯಕ್ತಿ ಆಗ್ನೇಯ ಏಷ್ಯಾದ ಮೂಲದವರು. ಕಾಲ ಇದೇ ಎರಡನೆಯ ಗುಂಪಿನದು. ಪರೀಕ್ಷಿಸಿದವರಲ್ಲಿ ಹತ್ತಿರದ ರಕ್ತಸಂಬಂಧಿಗಳು ಯಾರೂ ಇರಲಿಲ್ಲ. ರೋಗಾಣುವಿನ ಸುಳಿವೂ ಸಿಗಲಿಲ್ಲ.

ಮೊದಲ ಗುಂಪಿನ ಮಟ್ಟಿಗೆ ಯಾತ್ರೆಯ ವಿವರಣೆ ಒಪ್ಪುವಂಥದು. ಈ ಭಾಗದ ದೇವಾಲಯಗಳಲ್ಲಿ 8ರಿಂದ 10ನೆಯ ಶತಮಾನದ ಶಾಸನಗಳಿವೆ. ಆಗಲೇ ಯಾತ್ರೆ ಇದ್ದಿರಬಹುದೆಂದು ಅವು ಸೂಚಿಸುತ್ತವೆ. ಅವರಲ್ಲಿ ಕೆಲವರನ್ನಾದರೂ ಬಿರುಗಾಳಿ, ಆಲಿಕಲ್ಲು ಕೊಂದಿರಬಹುದು. ಹಾಗಾಗಿ ಕಥೆಯನ್ನು ಪೂರ್ತಿ ಸುಳ್ಳೆನ್ನುವುದು ನ್ಯಾಯವಲ್ಲ. ಆದರೆ ಒಬ್ಬ ರಾಜ, ಒಂದು ಪರಿವಾರ, ಒಂದು ಮಳೆ ಎಂಬ ಅಚ್ಚುಕಟ್ಟಾದ ಉತ್ತರಕ್ಕೆ ಇನ್ನು ಜಾಗವಿಲ್ಲ.

ಆ ಹದಿನಾಲ್ವರ ಕಥೆಯೇನು? ಮೆಡಿಟರೇನಿಯನ್ ಸಮುದ್ರದ ಪೂರ್ವತೀರದ ಮೂಲದ ಗಂಡಸರು, ಹೆಂಗಸರು ಗಢವಾಲದ ಈ ಮೂಲೆಗೆ ಏಕೆ ಬಂದರು? ಅಲೆಕ್ಸಾಂಡರನ ಕಾಲದಲ್ಲಿ ಇಲ್ಲೇ ನೆಲೆಸಿದ ಗ್ರೀಕರ ಸಂತತಿ ಎನ್ನೋಣವೆಂದರೆ, ಇಷ್ಟು ತಲೆಮಾರು ಕಳೆದ ಮೇಲೆ ಸ್ಥಳೀಯ ರಕ್ತ ಬೆರೆತಿರಬೇಕಿತ್ತು, ಬೆರೆತಿಲ್ಲ. ಅವರ ಆಹಾರದ ಗುರುತುಗಳೂ ಮೊದಲ ಗುಂಪಿನವರಿಗಿಂತ ಬೇರೆ.

ಇದಕ್ಕೆ ಉತ್ತರ ಸಿಗದಿರುವುದಕ್ಕೆ ಒಂದು ಕಾರಣ ಆ ಜಾಗದ ಸ್ಥಿತಿ. ಉತ್ಖನನದಲ್ಲಿ ಯಾವ ಪದರದಲ್ಲಿ ಏನು ಸಿಕ್ಕಿತು ಎಂಬುದೇ ಸಾಕ್ಷಿ. ರೂಪಕುಂಡದಲ್ಲಿ ಅಂಥ ಪದರಗಳೇ ಉಳಿದಿಲ್ಲ. ಬಂಡೆ ಜಾರಿ ಮೂಳೆಗಳು ಉರುಳಿವೆ, ಹಿಮ ಅವನ್ನು ಎಳೆದಾಡಿದೆ. ಇದು ಪ್ರಕೃತಿಯ ಕೆಲಸ, ಹೋಗಲಿ. ಆದರೆ ಚಾರಣಕ್ಕೆ ಬಂದವರು ಬುರುಡೆಗಳನ್ನು ಬಂಡೆಯ ಮೇಲೆ ಸಾಲಾಗಿ ಜೋಡಿಸಿ ಫೋಟೊ ತೆಗೆಸಿಕೊಂಡಿದ್ದಾರೆ. ನೆನಪಿಗೆಂದು ಮೂಳೆ, ಆಭರಣದ ಚೂರುಗಳನ್ನು ಚೀಲಕ್ಕೆ ಹಾಕಿಕೊಂಡು ಹೋಗಿದ್ದಾರೆ. ತಮ್ಮ ಅಜ್ಜನ ಮೂಳೆಯಾಗಿದ್ದರೆ ಹೀಗೆ ಮಾಡುತ್ತಿದ್ದರೇ? 2019ರ ಅಧ್ಯಯನಕ್ಕೆ ನೆರವಾದದ್ದು 1950ರ ದಶಕದ ತಂಡಗಳು ಸಂಗ್ರಹಿಸಿ, ಕೋಲ್ಕತ್ತದಲ್ಲಿ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣ ಸಂಸ್ಥೆ ಕಾಪಿಟ್ಟಿದ್ದ ಮೂಳೆಗಳು ಎಂಬುದನ್ನು ಗಮನಿಸಬೇಕು.

2018ರ ಆಗಸ್ಟ್‌ನಲ್ಲಿ ಉತ್ತರಾಖಂಡ ಹೈಕೋರ್ಟ್ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು. ಹಗಲಿನಲ್ಲೂ 200ಕ್ಕಿಂತ ಹೆಚ್ಚು ಮಂದಿ ಬೇಡವೆಂದಿತು. ಆದೇಶದ ಉದ್ದೇಶ ಹುಲ್ಲುಗಾವಲುಗಳ ರಕ್ಷಣೆ, ಮೂಳೆಗಳದ್ದಲ್ಲ. ಆದರೆ ಬೇದನಿಯಂಥ ಕಡೆ ಡೇರೆ ಹಾಕದೆ ರೂಪಕುಂಡ ಮುಟ್ಟಿ ಹಿಂದಿರುಗುವುದು ಸಾಮಾನ್ಯರಿಂದ ಆಗದ ಮಾತು. ಪ್ರತಿ ಬೇಸಿಗೆಯಲ್ಲೂ ತಂಡತಂಡವಾಗಿ ಮೇಲೇರುತ್ತಿದ್ದ ಚಾರಣಿಗರ ಸಾಲು ಅಲ್ಲಿಗೆ ನಿಂತಿತು. ಲೋಹಾಜಂಗ್‌ನ ಮಾರ್ಗದರ್ಶಿಗಳು, ಹೇಸರಗತ್ತೆಯವರು ದುಡಿಮೆಯ ಒಂದು ದಾರಿ ಕಳೆದುಕೊಂಡರು. ಅವರ ಗೋಳೂ ಸಣ್ಣದಲ್ಲ. ಇತ್ತ ಮೂಳೆಗಳು ಮಾತ್ರ, ಬಹಳ ಕಾಲದ ನಂತರ, ಬಿದ್ದಲ್ಲೇ ಬಿದ್ದಿರುವ ಅವಕಾಶ ಪಡೆದವು.