ಖಾಲಿ ಬಿಟ್ಟ ಪೆಟ್ಟು

1973ರಲ್ಲಿ ಲೀ ಪೆರ್ರಿ ಜಮೈಕಾದ ಕಿಂಗ್‌ಸ್ಟನ್ ನಗರದಲ್ಲಿ ತಮ್ಮ ಮನೆಯ ಹಿತ್ತಲಲ್ಲೇ 'ಬ್ಲ್ಯಾಕ್ ಆರ್ಕ್' ಎಂಬ ಧ್ವನಿಮುದ್ರಣ ಕೋಣೆ ಕಟ್ಟಿಕೊಂಡರು. ಇದ್ದದ್ದು ನಾಲ್ಕು ಟ್ರ್ಯಾಕಿನ ಯಂತ್ರ. ರೆಗ್ಗೆ ಸಂಗೀತದ ಚರಿತ್ರೆಯಲ್ಲಿ ಆ ಹಿತ್ತಲಿಗೆ ದೊಡ್ಡ ಹೆಸರು. ರೆಗ್ಗೆಯ 'ಒನ್ ಡ್ರಾಪ್' ಲಯದಲ್ಲಿ ನಾಲ್ಕು ಎಣಿಕೆಗಳ ಪೈಕಿ ಮೊದಲನೆಯದು ಖಾಲಿ. ಡ್ರಮ್ಮಿನ ಪೆಟ್ಟು ಬೀಳುವುದು ಮೂರನೆಯದರ ಮೇಲೆ. ಆ ಖಾಲಿಯನ್ನು ತುಂಬಿದರೆ ಅದು ಬೇರೆಯೇ ಹಾಡು.

ಖಾಲಿ ಎಂಬ ಮಾತು ನಮಗೇನು ಹೊಸದೇ? ಖವ್ವಾಲಿಯ ಕಹರ್ವಾ ತಾಲಕ್ಕೆ ಎಂಟು ಮಾತ್ರೆ, ಐದನೆಯದು ಖಾಲಿ. ಕಲಬುರಗಿಯ ಬಂದೇನವಾಜ್ ದರ್ಗಾದಲ್ಲಿ ಖವ್ವಾಲಿ ಕೇಳಿ ಬೆಳೆದವರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರ ಬಂದದ್ದು 1966ರಲ್ಲಿ. ಆದರೆ ಕಮಲಾಪುರ ಕಡೆಯ ಹಳ್ಳಿಗಳ ಮೊಹರಂ ಪದಗಳನ್ನು, ರಿವಾಯತ್‌ಗಳನ್ನು ನಾವು ಹೆಚ್ಚಾಗಿ ಕೇಳಿದ್ದು ಮನೆಯಲ್ಲೇ ತುಂಬಿಸಿದ ಕ್ಯಾಸೆಟ್‌ಗಳಲ್ಲಿ. ಅವುಗಳಲ್ಲಿ ಹಲಗಿಯ ಸದ್ದು ಪದವನ್ನೇ ನುಂಗಿರುತ್ತದೆ. ಟೇಪ್ ರಿಕಾರ್ಡರಿನ ಬೆಲ್ಟು ಸಡಿಲಾದರೆ ಲಯವೂ ಶ್ರುತಿಯೂ ಕೂಡಿಯೇ ಇಳಿಯುತ್ತವೆ. ಇದು ಯಂತ್ರದ ದೋಷ, ತಿದ್ದಬಹುದು. ಈಗಿನ ಹುಡುಗರು ಕಂಪ್ಯೂಟರಿಗೆ ಹಾಕಿ, ಹಾಡುಗಾರ ಬೇಕೆಂದೇ ತಡೆದು ನಿಂತ ಜಾಗಕ್ಕೂ ಕೀಬೋರ್ಡಿನ ತಾಳ ತುಂಬುತ್ತಾರಲ್ಲ, ಅದಕ್ಕೇನು ಮಾಡೋಣ?

ರಿವಾಯತಿನ ತಾಳ ಇರುವುದು ಹೆಜ್ಜೆಯಲ್ಲಿ. ಕೂತು ಹಾಡಿಸಿದರೆ ತಪ್ಪುತ್ತದೆ. ಹಲಗಿಯವರು ಅಂಗಳದಲ್ಲಿರಲಿ, ಮೈಕು ಹಾಡುವವರ ಮುಂದಿರಲಿ, ಅವರು ನಿಂತು ಹೆಜ್ಜೆ ಹಾಕಲಿ. ಕಾಲಿನ ಸದ್ದೂ ಒಳಗೆ ಬರುತ್ತದೆ. ಬರಲಿ.