ಸ್ಕಿಜೋಫ್ರೇನಿಯದ ಡೋಪಮೈನ್ ಸಿದ್ಧಾಂತ

ಡೋಪಮೈನ್ ಸಿದ್ಧಾಂತವು ಸ್ಕಿಜೋಫ್ರೇನಿಯ (ಛಿದ್ರಮನಸ್ಕತೆ) ಎಂಬ ಮಾನಸಿಕ ಕಾಯಿಲೆಯ ಕೆಲವು ಲಕ್ಷಣಗಳನ್ನು ಮೆದುಳಿನ ಡೋಪಮೈನ್ ಚಟುವಟಿಕೆಯ ಏರುಪೇರಿನಿಂದ ವಿವರಿಸುವ ವೈಜ್ಞಾನಿಕ ಸಿದ್ಧಾಂತವಾಗಿದೆ. ಡೋಪಮೈನ್ ಒಂದು ನರವಾಹಕ. ಒಂದು ನರಕೋಶದಿಂದ ಬಿಡುಗಡೆಯಾಗಿ, ಮತ್ತೊಂದರ ಮೇಲಿನ ಗ್ರಾಹಕಗಳಿಗೆ ಅಂಟಿಕೊಂಡು ಸಂದೇಶವನ್ನು ತಲುಪಿಸುವ ರಾಸಾಯನಿಕಕ್ಕೆ ಈ ಹೆಸರಿದೆ. ಔಷಧಗಳು ಹೇಗೆ ಕೆಲಸ ಮಾಡುತ್ತವೆ ಎಂಬ ಶೋಧನೆಯಿಂದಲೇ ಈ ಸಿದ್ಧಾಂತ ರೂಪುಗೊಂಡಿತು.

ಇತಿಹಾಸ

1952ರಲ್ಲಿ ಪ್ಯಾರಿಸ್ಸಿನ ಮನೋವೈದ್ಯರಾದ ಜೀನ್ ಡಿಲೇ ಮತ್ತು ಪಿಯರ್ ಡೆನಿಕರ್, ಕ್ಲೋರ್‌ಪ್ರೊಮಜೀನ್ ಔಷಧವು ತೀವ್ರ ಮನೋವಿಕಾರವನ್ನು ಶಮನಗೊಳಿಸುತ್ತದೆಂದು ವರದಿ ಮಾಡಿದರು. ಅದರ ಕಾರ್ಯವಿಧಾನ ಆಗ ತಿಳಿದಿರಲಿಲ್ಲ. ಭಾರತದಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದ ಸರ್ಪಗಂಧ ಗಿಡದಿಂದ ಪಡೆದ ರೆಸರ್ಪಿನ್ ಕೂಡ ಅದೇ ದಶಕದಲ್ಲಿ ಚಿಕಿತ್ಸೆಗೆ ಬಂದಿತು. ರೆಸರ್ಪಿನ್ ಮೆದುಳಿನ ಡೋಪಮೈನ್ ಸಂಗ್ರಹವನ್ನು ಬರಿದುಮಾಡುತ್ತದೆ. ಅದರಿಂದ ನಿಶ್ಚಲವಾದ ಮೊಲಗಳು ಎಲ್-ಡೋಪ ನೀಡಿದಾಗ ಮತ್ತೆ ಚಲಿಸುವುದನ್ನು ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ತೋರಿಸಿದರು. ಮನೋವಿಕಾರದ ಔಷಧಗಳು ಗ್ರಾಹಕಗಳನ್ನು ತಡೆಯುತ್ತವೆಂದು 1963ರಲ್ಲಿ ಅವರು ಮತ್ತು ಮಾರ್ಗಿಟ್ ಲಿಂಡ್‌ಕ್ವಿಸ್ಟ್ ಸೂಚಿಸಿದರು. ಕಾರ್ಲ್‌ಸನ್ 2000ದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಆಧಾರಗಳು

* ಔಷಧವು ಡಿ2 ಎಂಬ ಡೋಪಮೈನ್ ಗ್ರಾಹಕಕ್ಕೆ ಎಷ್ಟು ಬಿಗಿಯಾಗಿ ಅಂಟುತ್ತದೋ, ಅಷ್ಟು ಕಡಿಮೆ ಪ್ರಮಾಣದಲ್ಲಿ ಪರಿಣಾಮ ಬೀರುತ್ತದೆ. 1970ರ ದಶಕದ ಮಧ್ಯದಲ್ಲಿ ಫಿಲಿಪ್ ಸೀಮನ್ ಮತ್ತು ಸಾಲೊಮನ್ ಸ್ನೈಡರ್ ಅವರ ತಂಡಗಳು ಇದನ್ನು ಪ್ರತ್ಯೇಕವಾಗಿ ಕಂಡುಕೊಂಡವು.
* ಡೋಪಮೈನ್ ಬಿಡುಗಡೆಯನ್ನು ಹೆಚ್ಚಿಸುವ ಆಂಫೆಟಮಿನ್‌ನ ಅತಿಸೇವನೆಯು ಆರೋಗ್ಯವಂತರಲ್ಲೂ ಸಂಶಯಪೀಡೆ ಮತ್ತು ಭ್ರಮೆಗಳನ್ನು ಉಂಟುಮಾಡಬಲ್ಲದು.
* ಪಿಇಟಿ ಸ್ಕ್ಯಾನ್ ಅಧ್ಯಯನಗಳಲ್ಲಿ ಅನೇಕ ರೋಗಿಗಳ ಮೆದುಳಿನ ಸ್ಟ್ರಯೇಟಮ್ ಭಾಗದಲ್ಲಿ ಡೋಪಮೈನ್ ಉತ್ಪಾದನೆ ಹೆಚ್ಚಿರುವುದು ಕಂಡುಬಂದಿದೆ.

ಮಿತಿಗಳು

ಇಲ್ಲದ ಧ್ವನಿಗಳು ಕೇಳಿಸುವುದು, ಮಿಥ್ಯಾನಂಬಿಕೆ ಮೊದಲಾದ ಲಕ್ಷಣಗಳಿಗೆ ಈ ವಿವರಣೆ ಹೊಂದುತ್ತದೆ. ಆದರೆ ನಿರಾಸಕ್ತಿ, ಮಾತು ಕುಗ್ಗುವುದು, ಏಕಾಗ್ರತೆಯ ಕೊರತೆ ಮುಂತಾದವುಗಳು ಡಿ2 ತಡೆಯುವ ಔಷಧಗಳಿಂದ ಹೆಚ್ಚು ಸುಧಾರಿಸುವುದಿಲ್ಲ. ಚಲನೆಯನ್ನು ನಿಯಂತ್ರಿಸುವ ಭಾಗದಲ್ಲೂ ಡೋಪಮೈನ್ ತಡೆಯಲ್ಪಡುವುದರಿಂದ ನಡುಕ, ಬಿಗಿತದಂತಹ ಅಡ್ಡಪರಿಣಾಮಗಳು ಕಾಣಿಸಿಕೊಳ್ಳುತ್ತವೆ. ಇತರ ಔಷಧಗಳಿಗೆ ಬಗ್ಗದ ಕಾಯಿಲೆಯಲ್ಲಿ ಫಲಕಾರಿಯಾಗುವ ಕ್ಲೋಜಪಿನ್, ಡಿ2 ಗ್ರಾಹಕಕ್ಕೆ ಸಡಿಲವಾಗಿಯೇ ಅಂಟುತ್ತದೆ.

ಇತರ ನರವಾಹಕಗಳು

ಗ್ಲುಟಮೇಟ್‌ನ ಎನ್‌ಎಂಡಿಎ ಗ್ರಾಹಕವನ್ನು ತಡೆಯುವ ಕೆಟಮಿನ್, ಭ್ರಮೆಗಳ ಜೊತೆಗೆ ನಿರಾಸಕ್ತಿಯಂತಹ ಲಕ್ಷಣಗಳನ್ನೂ ತಾತ್ಕಾಲಿಕವಾಗಿ ಉಂಟುಮಾಡುತ್ತದೆ. ಡಿ2 ಗ್ರಾಹಕವನ್ನು ನೇರವಾಗಿ ತಡೆಯದೆ, ಅಸಿಟೈಲ್‌ಕೋಲಿನ್‌ನ ಮಸ್ಕರಿನಿಕ್ ಗ್ರಾಹಕಗಳ ಮೇಲೆ ವರ್ತಿಸುವ ಜನೊಮೆಲಿನ್ ಮತ್ತು ಟ್ರೋಸ್ಪಿಯಂ ಸಂಯುಕ್ತ ಔಷಧಕ್ಕೆ 2024ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು.

ಆದ್ದರಿಂದ ಸ್ಕಿಜೋಫ್ರೇನಿಯವನ್ನು ಒಂದೇ ರಾಸಾಯನಿಕದ ಹೆಚ್ಚಳವೆಂದು ಈಗ ಪರಿಗಣಿಸುವುದಿಲ್ಲ. ಅನುವಂಶೀಯತೆ, ಮೆದುಳಿನ ಬೆಳವಣಿಗೆ ಮತ್ತು ಪರಿಸರದ ಅಂಶಗಳೂ ಇದರಲ್ಲಿ ಸೇರಿವೆ. ಕಾಯಿಲೆಯನ್ನು ಖಚಿತಪಡಿಸುವ ರಕ್ತಪರೀಕ್ಷೆಯಾಗಲಿ, ಸ್ಕ್ಯಾನ್ ಆಗಲಿ ಇಲ್ಲ. ಲಕ್ಷಣಗಳನ್ನು ಪರಿಶೀಲಿಸಿಯೇ ಮನೋವೈದ್ಯರು ರೋಗನಿರ್ಣಯ ಮಾಡುತ್ತಾರೆ.