ಮನೆ ಒಡೆದವರು ಯಾರು?

ಕುಟುಂಬ ಒಡೆಯುತ್ತಿದೆ ಎಂಬ ಆತಂಕ ನಮ್ಮ ಕಾಲದಲ್ಲಿ ಹುಟ್ಟಿದ್ದಲ್ಲ. ಫ್ರಾನ್ಸಿನ ಗಣಿ ಎಂಜಿನಿಯರ್ ಫ್ರೆಡೆರಿಕ್ ಲ ಪ್ಲೇ 1855ರಲ್ಲಿ ಯುರೋಪಿನ ಕಾರ್ಮಿಕ ಕುಟುಂಬಗಳ ಖರ್ಚುವೆಚ್ಚದ ವಿವರಗಳನ್ನು ಸಂಗ್ರಹಿಸಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದ. ಆಸ್ತಿಯನ್ನು ಮಕ್ಕಳಿಗೆಲ್ಲ ಸಮನಾಗಿ ಹಂಚುವ ಕ್ರಾಂತಿಯ ನಂತರದ ಕಾನೂನು ತಂದೆಯ ಅಧಿಕಾರವನ್ನೂ ಮನೆತನವನ್ನೂ ಶಿಥಿಲಗೊಳಿಸಿತೆಂಬುದು ಅವನ ಕೊರಗು. ಅಂದಿನಿಂದ ಸಂಪ್ರದಾಯವಾದಿ ಸಮಾಜಶಾಸ್ತ್ರದ ವಾದ ಹೆಚ್ಚುಕಡಿಮೆ ಒಂದೇ: ಮನೆ ಸಡಿಲವಾದರೆ ಸಮಾಜ ಸಡಿಲವಾಗುತ್ತದೆ. ಸಮಾಜವೇ ಮೊದಲು ಮನೆಯನ್ನು ಸಡಿಲಗೊಳಿಸಿತಲ್ಲವೇ ಎಂಬುದು ಅದರ ವಿಮರ್ಶಕರ ಪ್ರಶ್ನೆ.

ಈ ವಾಗ್ವಾದ ಅತ್ಯಂತ ಬಿಸಿಯಾಗಿ ನಡೆದದ್ದು ಅಮೆರಿಕದಲ್ಲಿ, 1965ರಲ್ಲಿ. ಅಧ್ಯಕ್ಷ ಜಾನ್ಸನ್ ಸರಕಾರದ ಕಾರ್ಮಿಕ ಇಲಾಖೆಯಲ್ಲಿದ್ದ ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹಾನ್ ಆ ವರ್ಷದ ಮಾರ್ಚ್‌ನಲ್ಲಿ ನೀಗ್ರೋ ಕುಟುಂಬದ ಬಗ್ಗೆ ಒಂದು ವರದಿ ಬರೆದರು. ಮುಂದೆ, 1973ರಿಂದ 1975ರವರೆಗೆ, ದಿಲ್ಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದವರೂ ಇವರೇ. ಕಪ್ಪು ಕುಟುಂಬಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದನ್ನು ಹೆಣ್ಣೇ ನಡೆಸುತ್ತಿದ್ದಾಳೆ, ಹುಟ್ಟುವ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆಯ ಹೊರಗಿನದು ಎಂದು ವರದಿ ಲೆಕ್ಕ ಕೊಟ್ಟಿತು. ಗುಲಾಮಗಿರಿ, ನಿರುದ್ಯೋಗ, ನಗರದ ವಲಸೆ ಇವೆಲ್ಲ ಗಂಡಸಿನ ಸ್ಥಾನವನ್ನು ಕಿತ್ತುಕೊಂಡವೆಂದು ಒಪ್ಪಿದ ಮೊಯ್ನಿಹಾನ್, ಈಗ ಶಿಥಿಲ ಕುಟುಂಬವೇ ಬಡತನವನ್ನು ತಲೆಮಾರಿನಿಂದ ತಲೆಮಾರಿಗೆ ಸಾಗಿಸುತ್ತಿದೆ ಎಂದರು. ಅವರು ಸಂಪ್ರದಾಯವಾದಿ ಪಾಳೆಯದವರಲ್ಲ. ಹತ್ತನೆಯ ವಯಸ್ಸಿನಲ್ಲಿ ತಂದೆ ಮನೆ ಬಿಟ್ಟು ಹೋದ ಮೇಲೆ ತಾಯಿಯ ಕೈಯಲ್ಲಿ ಬೆಳೆದವರು. ಕಪ್ಪು ಗಂಡಸರಿಗೆ ಕೆಲಸ ಸಿಗಬೇಕೆಂದು ಬಯಸಿದವರು. ಆದರೆ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸಿನ ವಾಟ್ಸ್‌ನಲ್ಲಿ ಗಲಭೆ ಭುಗಿಲೆದ್ದಾಗ ಪತ್ರಿಕೆಗಳಿಗೆ ಈ ವರದಿಯಲ್ಲಿ ಸುಲಭದ ಉತ್ತರ ಸಿಕ್ಕಿತು. ಕೆಲಸದ ಮಾತು ಹಿಂದೆ ಸರಿಯಿತು, ಕುಟುಂಬದ ದೋಷ ಮುಂದೆ ಬಂತು.

ಅದೇ 1965ರಲ್ಲಿ ಮತ್ತೊಂದು ಪುಸ್ತಕ ಬಂತು. ಫೆಬ್ರವರಿ 21ರಂದು ಹತ್ಯೆಯಾದ ಮಾಲ್ಕಮ್ ಎಕ್ಸ್‌ರ ಆತ್ಮಕಥೆ. ಅದರಲ್ಲಿಯೂ ಒಡೆದ ಒಂದು ಕಪ್ಪು ಕುಟುಂಬವಿದೆ. 1931ರಲ್ಲಿ ತಂದೆಯ ದಾರುಣ ಸಾವು. ಅದನ್ನು ಆತ್ಮಹತ್ಯೆ ಎಂದು ಸಾರಿ ದೊಡ್ಡ ಮೊತ್ತದ ವಿಮೆಯ ಹಣ ಕೊಡದೆ ಹೋದ ಕಂಪನಿ. ಬಿಳಿಯರ ಮನೆಗಳಲ್ಲಿ ಕೆಲಸ ಹುಡುಕಿ ಅಲೆದ ತಾಯಿ. ಕಲ್ಯಾಣ ಇಲಾಖೆಯವರ ಭೇಟಿ, ವಿಚಾರಣೆ. ಕೊನೆಗೆ ತಾಯಿ ಮಾನಸಿಕ ಆಸ್ಪತ್ರೆಗೆ, ಮಕ್ಕಳು ಒಬ್ಬೊಬ್ಬರು ಒಂದೊಂದು ಮನೆಗೆ. ವರದಿಯಲ್ಲಿ ಇದು ಅಂಕಿಯಾಗಿ ಕಾಣುತ್ತದೆ, ಆತ್ಮಕಥೆಯಲ್ಲಿ ಆಪಾದನೆಯಾಗಿ ಕೇಳುತ್ತದೆ. ಮನೆ ತಾನಾಗಿ ಬೀಳಲಿಲ್ಲ, ಅದನ್ನು ಬೀಳಿಸಿದ ಕೈಗಳಿದ್ದವು ಎಂಬುದೇ ಮಾಲ್ಕಮ್‌ರ ಸಾಕ್ಷ್ಯ.

ವಿದ್ವಾಂಸರೂ ಸುಮ್ಮನಿರಲಿಲ್ಲ. ಮನಶ್ಶಾಸ್ತ್ರಜ್ಞ ವಿಲಿಯಂ ರಯಾನ್ 1971ರ ತಮ್ಮ ಗ್ರಂಥದಲ್ಲಿ, ಪೆಟ್ಟು ತಿಂದವನನ್ನೇ ತಪ್ಪಿತಸ್ಥನನ್ನಾಗಿ ಮಾಡುವ ಚಾಳಿ ಇದು ಎಂದು ಹೆಸರಿಟ್ಟರು. ಕೆರೊಲ್ ಸ್ಟ್ಯಾಕ್ ಒಂದು ಬಡ ಕಪ್ಪು ಕೇರಿಯ ಕುಟುಂಬಗಳೊಡನೆ ಒಡನಾಡಿ 1974ರಲ್ಲಿ ಬರೆದರು: ಅಲ್ಲಿ ಗಂಡನಿಲ್ಲದ ಮನೆ ದಿಕ್ಕಿಲ್ಲದ ಮನೆಯಾಗಿರಲಿಲ್ಲ. ಅಜ್ಜಿ, ಚಿಕ್ಕಮ್ಮ, ಅಕ್ಕತಂಗಿಯರು ಮಕ್ಕಳನ್ನೂ ಊಟವನ್ನೂ ಬಟ್ಟೆಯನ್ನೂ ಕಾಸನ್ನೂ ಹಂಚಿಕೊಂಡು ಬದುಕುತ್ತಿದ್ದರು. ಸಿಲಾ ರಹ್ಮೀ ಎಂದು ನಾವು ಕರೆಯುವ ರಕ್ತಸಂಬಂಧದ ಪಾಲನೆ ಜನಗಣತಿಯ ಕಾಲಂನಲ್ಲಿ ಸಿಕ್ಕದು. ಇತಿಹಾಸಕಾರ ಹರ್ಬರ್ಟ್ ಗಟ್‌ಮನ್ 1976ರಲ್ಲಿ ತೋಟದ ಮಾಲಿಕರ ದಾಖಲೆಗಳನ್ನೂ ಹಳೆಯ ಜನಗಣತಿಗಳನ್ನೂ ಜಾಲಾಡಿ, ಗುಲಾಮಗಿರಿಯ ಕೆಳಗೂ ದೀರ್ಘ ದಾಂಪತ್ಯಗಳಿದ್ದವು, ಬಿಡುಗಡೆಯ ನಂತರ ಬಹುಪಾಲು ಮನೆಗಳಲ್ಲಿ ತಾಯಿ ತಂದೆ ಇಬ್ಬರೂ ಇದ್ದರು ಎಂದು ತೋರಿಸಿದರು. ಮಗುವಿಗೆ ತಂದೆಯ ಹೆಸರಿಡುತ್ತಿದ್ದ ಗುಲಾಮರು, ಮಾರಾಟವಾಗಿ ದೂರ ಹೋದವನ ನೆನಪನ್ನು ಹೆಸರಿನಲ್ಲಿ ಉಳಿಸಿಕೊಂಡಿದ್ದರು. ಹಾಗಾದರೆ ಒಂಟಿ ತಾಯ್ತನದ ಹೆಚ್ಚಳಕ್ಕೆ ಕಾರಣವನ್ನು ಹಳೆಯ ಗುಲಾಮಗಿರಿಗಿಂತ ಇಪ್ಪತ್ತನೆಯ ಶತಮಾನದ ನಗರದಲ್ಲಿ ಹುಡುಕಬೇಕಾಯಿತು.

ಆದರೆ ವಿಮರ್ಶಕರ ಪಾಳೆಯದಲ್ಲೂ ಒಂದು ಕೊರತೆಯಿತ್ತು. ಮೊಯ್ನಿಹಾನ್‌ಗೆ ಬಿದ್ದ ಬೈಗುಳ ಕಂಡು ಅನೇಕ ಉದಾರವಾದಿಗಳು ಈ ವಿಷಯದ ತಂಟೆಗೇ ಹೋಗಲಿಲ್ಲ. 1984ರಲ್ಲಿ ಚಾರ್ಲ್ಸ್ ಮರ್ರಿ, ಸರಕಾರದ ನೆರವೇ ಕುಟುಂಬವನ್ನು ಕೆಡಿಸಿತೆಂದು ವಾದಿಸಿದಾಗ ಮೈದಾನ ಖಾಲಿಯಿತ್ತು. ಕಪ್ಪು ಸಮಾಜಶಾಸ್ತ್ರಜ್ಞ ವಿಲಿಯಂ ಜೂಲಿಯಸ್ ವಿಲ್ಸನ್ 1987ರಲ್ಲಿ ಈ ಮೌನವನ್ನೇ ಟೀಕಿಸಿ, ಕಾರ್ಖಾನೆಗಳು ಊರು ಬಿಟ್ಟಿದ್ದರಿಂದ ಸಂಸಾರ ಸಾಕಬಲ್ಲ ಗಂಡಸರೇ ಕಡಿಮೆಯಾದರೆಂದು ವಿವರಿಸಿದರು. ಒಂಟಿ ಪೋಷಕರ ಮಕ್ಕಳಿಗೆ ಶಾಲೆಯಲ್ಲಿ, ಬದುಕಿನಲ್ಲಿ ಕಷ್ಟ ಹೆಚ್ಚೆಂಬುದನ್ನು ಸಾರಾ ಮ್ಯಾಕ್‌ಲಾನಹನ್ ಮತ್ತು ಗ್ಯಾರಿ ಸ್ಯಾಂಡೆಫರ್ 1994ರಲ್ಲಿ ಅಂಕಿಅಂಶಗಳಿಂದ ತೋರಿಸಿದರು. ಆ ಕಷ್ಟದ ದೊಡ್ಡ ಪಾಲು ಆದಾಯದ ಕೊರತೆಯಿಂದ ಬಂದದ್ದೆಂಬುದನ್ನೂ ತೋರಿಸಿದರು. 2012ರಲ್ಲಿ ಅದೇ ಮರ್ರಿ, ಬಿಳಿಯ ದುಡಿಯುವ ವರ್ಗದಲ್ಲೂ ಮದುವೆ ಕುಸಿದಿದೆ ಎಂದು ಬರೆದರು. ಕಾರಣ ಅವರಿಗೆ ನೈತಿಕ ಕುಸಿತವಾಗಿ ಕಂಡಿತು. ಆದರೆ ಒಂದು ಜನಾಂಗದ ರೋಗವೆಂದು ಎಣಿಸಿದ್ದು ಆ ಜನಾಂಗದ ಸೊತ್ತಲ್ಲವೆಂಬುದು ಅವರ ಪುಸ್ತಕದಿಂದಲೇ ಸ್ಪಷ್ಟವಾಯಿತು.

ಇದನ್ನು ನಾವೇಕೆ ನೆನೆಯಬೇಕು? ಒಂದು ಸಮುದಾಯ ಹಿಂದುಳಿದಾಗ ಅದರ ಅಡುಗೆಮನೆಯಲ್ಲಿ, ಮದುವೆಯಲ್ಲಿ, ತಾಯಂದಿರಲ್ಲಿ ಕಾರಣ ಹುಡುಕುವ ರೂಢಿ ನಮಗೂ ಗೊತ್ತು. 2006ರ ಸಾಚಾರ್ ಸಮಿತಿ ಶಾಲೆ, ಉದ್ಯೋಗ, ಬ್ಯಾಂಕ್ ಸಾಲದ ಲೆಕ್ಕವನ್ನು ಎದುರಿಗಿಟ್ಟ ಮೇಲೂ ಆ ರೂಢಿ ಹೋಗಿಲ್ಲ. ಹಾಗೆಂದು ಮನೆಯೊಳಗಿನ ಹೊಣೆಯಿಂದ ಯಾರೂ ಮುಕ್ತರಲ್ಲ. ಹೆಂಡತಿ ಮಕ್ಕಳ ಅನ್ನಬಟ್ಟೆ ಗಂಡಸಿನ ಹೊಣೆ ಎನ್ನುವ ಧರ್ಮದವರು ನಾವು. ಅದನ್ನು ಬಿಟ್ಟು ಹೋದವನಿಗೆ ನಿರುದ್ಯೋಗದ ನೆಪ ಪೂರ್ತಿ ಸಾಲದು. ಆದರೆ ಹೊಣೆಯನ್ನು ನೆನಪಿಸುವವರು ಅದನ್ನು ಹೊರಲು ಬೇಕಾದ ಕೆಲಸ, ಕೂಲಿ, ಸೂರು ಎಲ್ಲಿ ಹೋದವೆಂದೂ ಕೇಳಬೇಕು. ಎರಡನೆಯ ಪ್ರಶ್ನೆ ಕೇಳದೆ ಮೊದಲನೆಯದನ್ನು ಮಾತ್ರ ಕೇಳುವವರು ಬಿದ್ದ ಮನೆಯ ಮೇಲೆ ಇನ್ನೊಂದು ಕಲ್ಲು ಎತ್ತಿಹಾಕುತ್ತಾರೆ.